ಅನುಭವದ ಅಳತೆಗೋಲು

ಮನೆಗೆ ಅಡಿಗೆಯವನನ್ನು ಗೊತ್ತುಮಾಡುವಾಗ ನಾವು ಕೇಳುವ ಮೊದಲನೆಯ ಮಾತು, "ಹಿಂದೆ ಎಲ್ಲಿ ಕೆಲಸ ಮಾಡಿದ್ದೆ?" ಎಂಬುದು. ಶಾಲೆಗೆ ಉಪಾಧ್ಯಾಯರು ಬೇಕಾದಾಗ, ಅಂಗಡಿಗೆ ಗುಮಾಸ್ತೆ ಬೇಕಾದಾಗ ಕೇಳುವುದೂ ಅದನ್ನೇ. ಹಾಗೆ ಕೇಳುವುದು ನ್ಯಾಯವೂ ಹೌದು. ಹೊಸ ಕೈಗೆ ಒಲೆಯನ್ನು ಒಪ್ಪಿಸಿದ ಮೇಲೆ, ಸಾರು ಕೆಟ್ಟರೆ ಹಸಿದಿರಬೇಕಾದವರು ನಾವು ತಾನೆ? ಆದರೆ ಲೋಕದಲ್ಲಿ ಕೆಲವು ಕೆಲಸಗಳುಂಟು. ಅವುಗಳನ್ನು ಮಾಡಿಯೇ ತೀರಬೇಕಲ್ಲದೆ ಅವುಗಳ ಅನುಭವವನ್ನು ಪಡೆಯಲು ಬೇರೆ ದಾರಿಯಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ಪದವಿ ಅಂಥದು. ಅಣ್ವಸ್ತ್ರಗಳ ಭಂಡಾರಕ್ಕೆ ಒಡೆಯನಾಗಿ ಬಾಳುವುದನ್ನು ಯಾವ ಪಾಠಶಾಲೆಯೂ ಕಲಿಸದು. ಆದರೂ ನಾಲ್ಕು ವರ್ಷಗಳಿಗೊಮ್ಮೆ ಆ ದೇಶದ ಮತದಾರರು ಅಡಿಗೆಯವನನ್ನು ಕೇಳುವ ಪ್ರಶ್ನೆಯನ್ನೇ ಉಮೇದುವಾರರ ಮುಂದೆ ಇಡುತ್ತಾರೆ: "ನಿನಗೆ ಅನುಭವವೆಷ್ಟು? ಹೊರದೇಶಗಳ ವಿಷಯದಲ್ಲಿ ನಿನ್ನ ನಿಲುವೇನು?"

ಈ ಪ್ರಶ್ನೆ 1960ರ ಚುನಾವಣೆಯಲ್ಲಿ ಕೇಳಿಬಂದಷ್ಟು ಗಟ್ಟಿಯಾಗಿ ಮತ್ತೆ ಕೇಳಿಬಂದದ್ದು ಅಪರೂಪ. ಅಂದು ಜನ ಏನನ್ನು ಕುರಿತು ವಾದಿಸಿದರು, ಆಮೇಲೆ ನಿಜವಾಗಿ ನಡೆದದ್ದೇನು ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅನುಕೂಲ ಇಂದು ನಮಗಿದೆ. ಪ್ರಜಾಪ್ರಭುತ್ವದಲ್ಲಿ ನಂಬಿಕೆಯುಳ್ಳವರು ಒಮ್ಮೆಯಾದರೂ ಹಾಗೆ ನೋಡುವುದು ಒಳ್ಳೆಯದು.

ಕಾಲ ಕಠಿಣವಾಗಿತ್ತು. 1957ರಲ್ಲಿ ರಷ್ಯ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿ ಅಮೆರಿಕದ ಆತ್ಮವಿಶ್ವಾಸವನ್ನು ಅಲುಗಿಸಿತ್ತು. 1959ರ ಆರಂಭದಲ್ಲಿ ಕ್ಯೂಬಾ ಕ್ಯಾಸ್ಟ್ರೋ ಕೈಸೇರಿತ್ತು. 1960ರ ಮೇ ಒಂದರಂದು ಯು-2 ಎಂಬ ಬೇಹುಗಾರಿಕೆಯ ವಿಮಾನವನ್ನು ರಷ್ಯದವರು ಹೊಡೆದುರುಳಿಸಿದರು. ಅದೇ ತಿಂಗಳು ಪ್ಯಾರಿಸ್ಸಿನಲ್ಲಿ ಕೂಡಬೇಕಾಗಿದ್ದ ಶೃಂಗಸಭೆ ಮುರಿದುಬಿತ್ತು. ಎಂಟು ವರ್ಷ ಆಳಿದ ಐಸೆನ್‌ಹೋವರರು ಮೂರನೆಯ ಸಲ ನಿಲ್ಲಲು ಸಂವಿಧಾನ ಅವಕಾಶ ಕೊಡದು. ಇಂಥ ಹೊತ್ತಿನಲ್ಲಿ ನಾಡಿನ ಚುಕ್ಕಾಣಿಯನ್ನು ಯಾರ ಕೈಗೆ ಕೊಡುವುದು?

ಒಂದು ಕಡೆ ರಿಚರ್ಡ್ ನಿಕ್ಸನ್, ವಯಸ್ಸು 47. ಎಂಟು ವರ್ಷದ ಉಪಾಧ್ಯಕ್ಷ. ಐವತ್ತಕ್ಕೂ ಹೆಚ್ಚು ದೇಶಗಳನ್ನು ಸುತ್ತಿ ಬಂದವರು. 1958ರಲ್ಲಿ ವೆನಿಜುವೇಲದ ಕರಾಕಸ್ ನಗರದಲ್ಲಿ ಉದ್ರಿಕ್ತ ಜನರ ಗುಂಪು ಅವರ ಕಾರನ್ನು ಮುತ್ತಿ ಗಾಜು ಒಡೆದಾಗ ಒಳಗೆ ಅಲುಗದೆ ಕುಳಿತಿದ್ದವರು. 1959ರಲ್ಲಿ ಮಾಸ್ಕೋ ಪ್ರದರ್ಶನದ ಮಾದರಿ ಅಡಿಗೆಮನೆಯೊಂದರ ಮುಂದೆ ನಿಂತು ಕ್ರುಶ್ಚೇವರೊಡನೆ ಮುಖಾಮುಖಿ ವಾದ ಹೂಡಿದವರು. ಅವರ ಜೊತೆಗೆ ಉಪಾಧ್ಯಕ್ಷ ಪದವಿಗೆ ನಿಂತ ಲಾಜ್ ಅವರು ವಿಶ್ವಸಂಸ್ಥೆಯಲ್ಲಿ ವರ್ಷಗಟ್ಟಲೆ ಅಮೆರಿಕದ ಪ್ರತಿನಿಧಿ. ಅನುಭವಕ್ಕೇ ಬೆಲೆ ಎಂಬುದು ಈ ಪಕ್ಷದ ಘೋಷಣೆಯಾದದ್ದು ಸಹಜ.

ಇನ್ನೊಂದು ಕಡೆ ಜಾನ್ ಕೆನೆಡಿ, ವಯಸ್ಸು 43. ಯುದ್ಧದಲ್ಲಿ ತಮ್ಮ ಸಣ್ಣ ನೌಕೆ ಒಡೆದು ಮುಳುಗಿದಾಗ ಸಂಗಡಿಗರನ್ನು ದಡ ಸೇರಿಸಿದ ಧೀರ, ಗ್ರಂಥಕರ್ತ, 1951ರಲ್ಲಿ ದೆಹಲಿಗೆ ಬಂದು ನೆಹರೂ ಅವರನ್ನು ಕಂಡುಹೋದವರು, ಭಾರತದ ಯೋಜನೆಗಳಿಗೆ ನೆರವು ಕೊಡಬೇಕೆಂದು ಸೆನೆಟ್ಟಿನಲ್ಲಿ ಕೂಪರರೊಡನೆ ಕೂಡಿ ನಿರ್ಣಯ ಮಂಡಿಸಿದವರು. ಆದರೆ ಆಡಳಿತದ ಅಧಿಕಾರ ಹಿಡಿದು ಒಂದು ದಿನವೂ ಕುಳಿತವರಲ್ಲ. ಅವರ ಪಕ್ಷದ ಹಿರಿಯರಾದ ಮಾಜಿ ಅಧ್ಯಕ್ಷ ಟ್ರೂಮನ್ನರೇ ಜುಲೈ ತಿಂಗಳಲ್ಲಿ, ನೀವು ಸಿದ್ಧರಾಗಿದ್ದೀರಾ, ಇನ್ನಷ್ಟು ಕಾಯಬಾರದೆ ಎಂದು ಬಹಿರಂಗವಾಗಿ ಕೇಳಿದರು. ವಯಸ್ಸೇ ಅಳತೆಯಾದರೆ ಜೆಫರ್ಸನ್ ಸ್ವಾತಂತ್ರ್ಯ ಘೋಷಣೆಯನ್ನು ಬರೆಯುತ್ತಿರಲಿಲ್ಲ, ವಾಷಿಂಗ್ಟನ್ ಸೇನಾಪತಿಯಾಗುತ್ತಿರಲಿಲ್ಲ ಎಂದು ಕೆನೆಡಿಯವರು ಉತ್ತರ ಕೊಟ್ಟರು.

ಊಟದ ಮೇಜಿನ ಸುತ್ತ, ಕಾರ್ಖಾನೆಯ ಬಾಗಿಲಲ್ಲಿ, ಕ್ಷೌರದಂಗಡಿಯಲ್ಲಿ ಇದೇ ಮಾತು. "ಕ್ರುಶ್ಚೇವನ ಎದುರು ನಿಂತು ಮಾತಾಡಿದವರಾರು? ನಮ್ಮವರಲ್ಲವೆ? ಆ ಶ್ರೀಮಂತರ ಹುಡುಗನನ್ನು ಕಳಿಸಿದರೆ ಅವನು ನುಂಗಿ ನೀರು ಕುಡಿದಾನು" ಎಂದು ಒಬ್ಬರೆಂದರೆ, "ಎಂಟು ವರ್ಷದ ಅನುಭವದಿಂದ ಬಂದದ್ದೇನು? ಕ್ಯೂಬಾ ಕೈಬಿಟ್ಟಿತು, ಶೃಂಗಸಭೆ ಮುರಿಯಿತು. ತಪ್ಪು ದಾರಿಯಲ್ಲಿ ಹೆಚ್ಚು ದೂರ ನಡೆದದ್ದೂ ಒಂದು ಅನುಭವವೆ?" ಎಂದು ಇನ್ನೊಬ್ಬರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ತಮಾಷೆಯೆಂದರೆ, ಈ ಅನುಭವಿ ಮತ್ತು ಈ ಅನನುಭವಿ ಇಬ್ಬರೂ ಕಾಂಗ್ರೆಸ್ ಸಭೆಯ ಮೆಟ್ಟಿಲು ಹತ್ತಿದ್ದು ಒಂದೇ ದಿನ, 1947ರ ಜನವರಿಯಲ್ಲಿ. ಆ ವರ್ಷದ ಏಪ್ರಿಲಿನಲ್ಲಿ ಪೆನ್ಸಿಲ್ವೇನಿಯದ ಮೆಕೀಸ್‌ಪೋರ್ಟ್ ಎಂಬ ಊರಿನಲ್ಲಿ ಕಾರ್ಮಿಕ ಕಾಯಿದೆಯ ಮೇಲೆ ಇಬ್ಬರೂ ವಾದ ಮಾಡಿ, ಒಂದೇ ರೈಲಿನಲ್ಲಿ ವಾಷಿಂಗ್ಟನ್ನಿಗೆ ಮರಳಿದ್ದರು. ಅನುಭವದ ಘೋಷಣೆಗೆ ಏಟು ಬಿದ್ದದ್ದೂ ಮನೆಯೊಳಗಿಂದಲೇ. ನಿಕ್ಸನ್ನರು ಕೊಟ್ಟ ಯಾವ ದೊಡ್ಡ ಸಲಹೆಯನ್ನು ನೀವು ಸ್ವೀಕರಿಸಿದ್ದೀರಿ ಎಂದು ಆಗಸ್ಟ್ ತಿಂಗಳಲ್ಲಿ ಪತ್ರಕರ್ತರೊಬ್ಬರು ಐಸೆನ್‌ಹೋವರರನ್ನು ಕೇಳಿದರು. ಒಂದು ವಾರ ಸಮಯ ಕೊಟ್ಟರೆ ಒಂದಾದರೂ ನೆನಪಾದೀತು ಎಂಬರ್ಥದ ಉತ್ತರ ಬಂತು. ಎಂಟು ವರ್ಷದ ಲೆಕ್ಕಪುಸ್ತಕ ಆ ಒಂದು ಮಾತಿನಿಂದ ತೆಳ್ಳಗಾಯಿತು.

*

ಸೆಪ್ಟೆಂಬರ್ 26ರಿಂದ ಅಕ್ಟೋಬರ್ 21ರವರೆಗೆ ನಾಲ್ಕು ಸಲ ಇಬ್ಬರೂ ಟೆಲಿವಿಷನ್ನಿನಲ್ಲಿ ವಾದಿಸಿದರು. ಮೊದಲನೆಯ ವಾದವನ್ನು ಸುಮಾರು ಏಳು ಕೋಟಿ ಜನ ನೋಡಿದರೆಂದು ಅಂದಾಜು. ನಿಕ್ಸನ್ನರ ಬಾಡಿದ ಮುಖವನ್ನೂ ಕೆನೆಡಿಯವರ ಕಳೆಯನ್ನೂ ಕುರಿತು ಬಹಳ ಬರೆದಿದ್ದಾರೆ. ನೋಡಿದವರು ಕೆನೆಡಿ ಗೆದ್ದರೆಂದರು, ರೇಡಿಯೋದಲ್ಲಿ ಕೇಳಿದವರು ನಿಕ್ಸನ್ ಗೆದ್ದರೆಂದರು ಎಂಬ ಕಥೆಯೂ ಪ್ರಸಿದ್ಧವಾಗಿದೆ. ಅದಕ್ಕಿರುವ ಆಧಾರ ಮಾತ್ರ ತೀರ ಸಣ್ಣದು. ಮುಖದ ಮಾತು ಹಾಗಿರಲಿ. ಅವರು ಆಡಿದ ಮಾತೇನು?

ಚೀನದ ದಡದಿಂದ ಕೆಲವೇ ಮೈಲಿ ದೂರದಲ್ಲಿ ಕೆಮಾಯ್, ಮಾತ್ಸು ಎಂಬ ದ್ವೀಪಗಳಿವೆ. ಅವು ತೈವಾನಿನ ಸರ್ಕಾರದ ಕೈಯಲ್ಲಿದ್ದವು. ಅವುಗಳಿಗಾಗಿ ಅಮೆರಿಕ ಯುದ್ಧ ಮಾಡಬೇಕೆ? ರಕ್ಷಣೆಯ ಗೆರೆಯನ್ನು ತೈವಾನಿಗೆ ಸ್ಪಷ್ಟವಾಗಿ ಎಳೆಯಬೇಕು, ಈ ದ್ವೀಪಗಳಿಗಲ್ಲ ಎಂದರು ಕೆನೆಡಿ. ಪ್ರಶ್ನೆ ದ್ವೀಪದ್ದಲ್ಲ, ತತ್ತ್ವದ್ದು; ಒಂದಂಗುಲವನ್ನೂ ಬಿಡಕೂಡದು ಎಂದರು ನಿಕ್ಸನ್. ನಕಾಶೆಯಲ್ಲಿ ಎಲ್ಲಿದೆಯೆಂದು ತೋರಿಸಲಾರದ ದ್ವೀಪಗಳ ಹೆಸರು ಹಿಡಿದು ನೆರೆಹೊರೆಯವರು ಜಗಳವಾಡಿದರು. ತಿಂಗಳು ಮುಗಿಯುವ ಹೊತ್ತಿಗೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಮಾತಿಗೆ ಬಂದು ನಿಂತಿದ್ದರು. ಆ ದ್ವೀಪಗಳು ಇಂದಿಗೂ ತೈವಾನಿನ ಆಡಳಿತದಲ್ಲಿಯೇ ಇವೆ.

ಎರಡನೆಯದು ಕ್ಷಿಪಣಿಗಳ ವಿಷಯ. ದೂರಗಾಮಿ ಕ್ಷಿಪಣಿಗಳಲ್ಲಿ ರಷ್ಯ ಮುಂದಾಗಿದೆ, ಅಮೆರಿಕ ಹಿಂದುಳಿದಿದೆ ಎಂದು ಕೆನೆಡಿಯವರು ಊರೂರಿಗೂ ಸಾರಿದರು. ಅದು ನಿಜವಲ್ಲವೆಂದು ಶಂಕಿಸಲು ಐಸೆನ್‌ಹೋವರರಲ್ಲಿ ಕಾರಣವಿತ್ತು. ಆದರೆ ಆ ಕಾರಣ ಬೇಹುಗಾರಿಕೆಯ ಚಿತ್ರಗಳಲ್ಲಿತ್ತು, ಹೊರಗೆ ತೋರಿಸುವಂತಿರಲಿಲ್ಲ. ಚುನಾವಣೆ ಮುಗಿದು ಒಂದು ವರ್ಷವಾಗುವುದರೊಳಗೆ, ಹಿಂದುಳಿದದ್ದು ರಷ್ಯವೇ ಎಂಬುದು ಕೆನೆಡಿ ಸರ್ಕಾರದ ಬಾಯಿಂದಲೇ ಹೊರಬಿತ್ತು.

ಮೂರನೆಯದು ಕ್ಯೂಬಾ. ಇದರಲ್ಲಿರುವ ವಿಡಂಬನೆಯನ್ನು ಯಾವ ನಾಟಕಕಾರನೂ ಕಲ್ಪಿಸಲಾರ. ಕ್ಯಾಸ್ಟ್ರೋ ವಿರುದ್ಧ ಹೋರಾಡುವ ದೇಶಭ್ರಷ್ಟರಿಗೆ ನೆರವು ಕೊಡಬೇಕೆಂದು ಅಕ್ಟೋಬರ್ 20ರಂದು ಕೆನೆಡಿಯವರ ಕಡೆಯಿಂದ ಹೇಳಿಕೆ ಬಂತು. ಮರುದಿನದ ಕೊನೆಯ ವಾದದಲ್ಲಿ ನಿಕ್ಸನ್ನರು ಅದನ್ನು ಕಟುವಾಗಿ ಖಂಡಿಸಿದರು: ಇದು ಹೊಣೆಗೇಡಿ ಸಲಹೆ, ಒಪ್ಪಂದಗಳಿಗೆ ವಿರುದ್ಧ, ಲ್ಯಾಟಿನ್ ಅಮೆರಿಕದಲ್ಲಿ ಸ್ನೇಹಿತರನ್ನು ಕಳೆದುಕೊಂಡೇವು, ಕ್ರುಶ್ಚೇವರನ್ನು ಕೈಬೀಸಿ ಕರೆದಂತಾದೀತು. ಆದರೆ ಅಂಥದೇ ಯೋಜನೆಯೊಂದು ಗುಟ್ಟಾಗಿ ಸಿದ್ಧವಾಗುತ್ತಿತ್ತು. ಐಸೆನ್‌ಹೋವರರು ಮಾರ್ಚ್ ತಿಂಗಳಲ್ಲೇ ಅದಕ್ಕೆ ಒಪ್ಪಿಗೆಯಿತ್ತಿದ್ದರು. ಒಳಗೆ ಅದನ್ನು ಬೆಂಬಲಿಸಿದವರಲ್ಲಿ ನಿಕ್ಸನ್ನರೂ ಒಬ್ಬರು. ಗುಟ್ಟನ್ನು ಕಾಯುವುದಕ್ಕಾಗಿ ತಾವು ನಂಬಿದ್ದಕ್ಕೆ ವಿರುದ್ಧವಾಗಿ ವಾದಿಸಬೇಕಾಯಿತೆಂದು 1962ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಬರೆದುಕೊಂಡರು. ಕೆನೆಡಿಯವರಿಗೂ ಆ ಗುಟ್ಟು ತಿಳಿದಿತ್ತೆಂದು ಆರೋಪಿಸಿದರು. ಗುಪ್ತಚಾರ ಸಂಸ್ಥೆಯ ಮುಖ್ಯಸ್ಥ ಡಲೆಸ್ ಅದನ್ನು ಅಲ್ಲಗಳೆದರು.

ಪಾಪ, ಮತದಾರನ ಸ್ಥಿತಿಯನ್ನು ನೆನೆಯಿರಿ! ದ್ವೀಪದ ಭೇದ ಭೇದವಲ್ಲ. ಕ್ಷಿಪಣಿಯ ಅಂತರ ಅಂತರವಲ್ಲ. ಕ್ಯೂಬಾ ವಿಷಯದಲ್ಲಿ ಮೃದುವಾಗಿ ಮಾತಾಡಿದವರು ಮನಸ್ಸಿನಲ್ಲಿ ಮೃದುವಲ್ಲ. ಇಷ್ಟರ ಮೇಲೆ ಅವನು ತೀರ್ಪು ಕೊಡಬೇಕು. ನವೆಂಬರ್ 8ರಂದು ಸುಮಾರು 6 ಕೋಟಿ 88 ಲಕ್ಷ ಮತಗಳು ಬಿದ್ದವು. ಕೆನೆಡಿಯವರಿಗೆ ಬಂದ ಹೆಚ್ಚಳ ಒಂದು ಲಕ್ಷ ಹದಿಮೂರು ಸಾವಿರದಷ್ಟು.

*

ನಂಬಿ ಮತ ಕೊಟ್ಟವರ ಎದೆ ಬೇಗನೆ ಕುಸಿಯಿತು. 1961ರ ಏಪ್ರಿಲ್ 17ರಂದು ಸುಮಾರು 1,400 ಮಂದಿ ಕ್ಯೂಬನ್ ದೇಶಭ್ರಷ್ಟರನ್ನು ಪಿಗ್ಸ್ ಕೊಲ್ಲಿಯಲ್ಲಿ ಇಳಿಸಲಾಯಿತು. ಮೂರು ದಿನಗಳೊಳಗೆ ಎಲ್ಲ ಮುಗಿಯಿತು. ನೂರಕ್ಕೂ ಹೆಚ್ಚು ಜನ ಸತ್ತರು, ಉಳಿದವರಲ್ಲಿ ಬಹುಪಾಲು ಸೆರೆಸಿಕ್ಕರು. ನಿಕ್ಸನ್ನರು ನಂಬದೆ ಆಡಿದ ಭವಿಷ್ಯದಲ್ಲಿ ಬಹುಭಾಗ ನಿಜವಾಯಿತು.

ಅನುಭವವಿಲ್ಲದವನ ಕೈಗೆ ಅಧಿಕಾರ ಕೊಟ್ಟದ್ದರ ಫಲ ಇದು ಎಂದು ಹಲವರು ಹೇಳಿದರು. ಆದರೆ ಆ ಯೋಜನೆಯನ್ನು ಹೆಣೆದವರು ಯಾರು? ಐಸೆನ್‌ಹೋವರರ ಕಾಲದಲ್ಲಿಯೇ ಕೈ ಪಳಗಿದ ಗುಪ್ತಚಾರರು. ಸಾಧ್ಯವೆಂದು ತಲೆದೂಗಿದವರಾರು? ಎದೆಯ ತುಂಬ ಪದಕಗಳನ್ನು ಧರಿಸಿದ ಸೇನಾನಾಯಕರು. ಮೇಜಿನ ಸುತ್ತ ಅನುಭವಕ್ಕೇನೂ ಬರಗಾಲವಿರಲಿಲ್ಲ. ಇಲ್ಲದಿದ್ದದ್ದು ಬೇರೆ. ಸೆನೆಟರ್ ಫುಲ್‌ಬ್ರೈಟ್ ಅಂಥ ಒಬ್ಬಿಬ್ಬರು ಬೇಡವೆಂದರೂ ಆ ಮಾತನ್ನು ಎತ್ತಿಕೊಂಡು ಜಗ್ಗಾಡಿದವರಿಲ್ಲ. ಹೊಸ ಅಧ್ಯಕ್ಷರು ಅನುಭವಿಗಳ ಎದುರು ಸಂಕೋಚಪಟ್ಟರು.

ಸೋಲಿನ ಹೊಣೆಯನ್ನು ಕೆನೆಡಿಯವರು ತಮ್ಮ ಮೇಲೆಯೇ ಹೊತ್ತುಕೊಂಡರು. ಏಪ್ರಿಲ್ 22ರಂದು ಕ್ಯಾಂಪ್ ಡೇವಿಡ್ಡಿನಲ್ಲಿ ಹಿರಿಯರಾದ ಐಸೆನ್‌ಹೋವರರನ್ನು ಕರೆಸಿ ಮಾತಾಡಿದರು. ಆ ಹಳೆಯ ಸೇನಾಪತಿ ಕೇಳಿದ ಪ್ರಶ್ನೆ ಸರಳವಾದದ್ದು: ಒಪ್ಪಿಗೆ ಕೊಡುವ ಮೊದಲು ಎಲ್ಲರನ್ನೂ ಮುಂದೆ ಕೂಡಿಸಿ, ಪರ ವಿರೋಧಗಳೆರಡನ್ನೂ ವಾದಿಸಲು ಬಿಟ್ಟು, ಆಮೇಲೆ ನಿರ್ಧರಿಸಿದಿರಾ? ಹಾಗೆ ನಡೆದಿರಲಿಲ್ಲ. ಎಂಟು ವರ್ಷದ ಅಧ್ಯಕ್ಷತೆಯ ಸಾರವೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ನಿಜವಾದ ಅನುಭವ ಅದು.

ಹದಿನೆಂಟು ತಿಂಗಳ ಮೇಲೆ, 1962ರ ಅಕ್ಟೋಬರಿನಲ್ಲಿ, ಕ್ಯೂಬಾದಲ್ಲಿ ರಷ್ಯದ ಕ್ಷಿಪಣಿಗಳು ಕಂಡುಬಂದವು. ಹದಿಮೂರು ದಿನ ಲೋಕ ಉಸಿರು ಬಿಗಿಹಿಡಿದಿತ್ತು. ಭಾರತದ ಮೇಲೆ ಚೀನದ ದಾಳಿ ಆರಂಭವಾದದ್ದೂ ಆ ದಿನಗಳಲ್ಲಿಯೇ, ಅಕ್ಟೋಬರ್ 20ರಂದು. ನಮ್ಮ ಕಷ್ಟಕ್ಕೆ ವಾಷಿಂಗ್ಟನ್ ಪೂರ್ತಿ ಗಮನ ಕೊಡಲಾರದೆ, ಮೊದಲ ದಿನಗಳ ಭಾರವೆಲ್ಲ ದೆಹಲಿಯಲ್ಲಿದ್ದ ರಾಯಭಾರಿ ಗಾಲ್‌ಬ್ರೇತ್ ಅವರ ಮೇಲೆ ಬಿತ್ತು. ಈ ಸಲ ಕೆನೆಡಿಯವರು ಸಲಹೆಗಾರರನ್ನು ಕೂಡಿಸಿ ದಿನಗಟ್ಟಲೆ ವಾದಿಸಲು ಬಿಟ್ಟರು. ತಮ್ಮೆದುರು ಬಾಯಿಬಿಡಲು ಅವರು ಹಿಂಜರಿದಾರೆಂದು ಕೆಲವು ಸಲ ಸಭೆಗೆ ಬರದೆಯೇ ಉಳಿದರು. ಬಾಂಬು ಸುರಿಯೋಣವೆಂಬ ಮೊದಲ ಅಭಿಪ್ರಾಯ ವಾದದ ಕುಲುಮೆಯಲ್ಲಿ ಕರಗಿ, ನೌಕಾ ದಿಗ್ಬಂಧನವಾಗಿ ಹೊರಬಂತು. ತುರ್ಕಿಯಲ್ಲಿದ್ದ ತಮ್ಮ ಕ್ಷಿಪಣಿಗಳನ್ನು ತೆಗೆಯುವುದಾಗಿ ಗುಟ್ಟಾಗಿ ಒಪ್ಪಿ, ಎದುರಾಳಿ ಹಿಂದೆ ಸರಿಯಲು ಹಾದಿ ಬಿಟ್ಟರು. ಲೋಕ ಉಳಿಯಿತು. ಮನುಷ್ಯ ಅವರೇ, ನಡುವೆ ಕಳೆದದ್ದು ಒಂದೂವರೆ ವರ್ಷ, ಒಂದು ಸೋಲು, ಮತ್ತು ಆ ಸೋಲಿನ ವಿಚಾರಣೆ.

ನಿಕ್ಸನ್ನರ ಅನುಭವವೇನೂ ಸುಳ್ಳಾಗಿರಲಿಲ್ಲ. 1968ರಲ್ಲಿ ಗೆದ್ದು ಬಂದ ಅವರು, ಕೆಮಾಯ್ ದ್ವೀಪದಲ್ಲಿ ಒಂದಂಗುಲ ಬಿಡಕೂಡದೆಂದವರು, 1972ರಲ್ಲಿ ತಾವೇ ಪೀಕಿಂಗಿಗೆ ಹೋಗಿ ಮಾವೋ ಕೈಕುಲುಕಿದರು. ಅದು ಅನುಭವದ ಧೈರ್ಯ. ಆದರೆ 1971ರ ಡಿಸೆಂಬರಿನಲ್ಲಿ ಬಂಗಾಳಕೊಲ್ಲಿಯತ್ತ ಎಂಟರ್‌ಪ್ರೈಸ್ ಯುದ್ಧನೌಕೆಯನ್ನು ಕಳಿಸಿದವರೂ ಅವರೇ. ಢಾಕಾದಲ್ಲಿದ್ದ ತಮ್ಮದೇ ರಾಜತಂತ್ರಜ್ಞರು ಆ ವರ್ಷದ ಏಪ್ರಿಲಿನಲ್ಲಿಯೇ ಕಳಿಸಿದ್ದ ಪ್ರತಿಭಟನೆಯ ತಂತಿಗೆ ಅವರು ಕಿವಿಗೊಡಲಿಲ್ಲ. ವಾದವನ್ನು ಹೊರಗಿಟ್ಟು ಕದ ಮುಚ್ಚಿಕೊಂಡ ಅನುಭವ ಅದು.

ಹಿಂದಿನ ಚರಿತ್ರೆ ಹೇಳುವುದೂ ಇದನ್ನೇ. 1856ರಲ್ಲಿ ಆಯ್ಕೆಯಾದ ಬ್ಯೂಕ್ಯಾನನ್ ಎರಡು ಸಭೆಗಳಲ್ಲಿಯೂ ಕುಳಿತವರು, ರಷ್ಯ ಮತ್ತು ಬ್ರಿಟನ್ನುಗಳಲ್ಲಿ ರಾಯಭಾರಿಯಾಗಿದ್ದವರು, ವಿದೇಶ ಮಂತ್ರಿಯಾಗಿದ್ದವರು. ನಾಡು ಅವರ ಕಣ್ಣೆದುರಿಗೇ ಒಡೆಯಿತು. ಅವರ ಬಳಿಕ ಬಂದವರು ಕಾಂಗ್ರೆಸ್ಸಿನಲ್ಲಿ ಎರಡೇ ವರ್ಷ ಕುಳಿತಿದ್ದ ವಕೀಲ, ಅಬ್ರಹಾಂ ಲಿಂಕನ್. ಎದುರಾಳಿಗಳನ್ನೇ ಕರೆದು ಮಂತ್ರಿಮಂಡಲದಲ್ಲಿ ಕೂಡಿಸಿಕೊಂಡರು. 2008ರಲ್ಲಿಯೂ ಇದೇ ಪ್ರಶ್ನೆ ಎದ್ದಿತು. ನಡುರಾತ್ರಿ ಮೂರು ಗಂಟೆಗೆ ಶ್ವೇತಭವನದ ಟೆಲಿಫೋನು ಬಾರಿಸಿದರೆ ಎತ್ತಿಕೊಳ್ಳಬೇಕಾದವರು ಯಾರು ಎಂದು ಹಿಲರಿ ಕ್ಲಿಂಟನ್ನರ ಜಾಹೀರಾತು ಕೇಳಿತು. 2002ರಲ್ಲಿ ಇರಾಕ್ ಯುದ್ಧಕ್ಕೆ ಅನುಮತಿಯ ಮತವಿತ್ತವರು ಯಾರು, ಬೇಡವೆಂದವರು ಯಾರು ಎಂದು ಒಬಾಮರ ಕಡೆಯವರು ತಿರುಗಿ ಕೇಳಿದರು. ಒಬ್ಬರು ವರ್ಷಗಳನ್ನು ಎಣಿಸಿದರೆ ಇನ್ನೊಬ್ಬರು ವಿವೇಕವನ್ನು ತೂಗಿದರು.

ಹಾಗಾದರೆ ಮತದಾರರ ವಾದವೆಲ್ಲ ವ್ಯರ್ಥವೆ? ಅಲ್ಲವೆಂದು ನಮಗೆ ತೋರುತ್ತದೆ. 1960ರ ಮತದಾರ ಹಿಡಿದ ವಿಷಯಗಳಲ್ಲಿ ಬಹುಪಾಲು ಹುಸಿಯಾಗಿದ್ದಿರಬಹುದು. ಅವನ ಅಭ್ಯಾಸ ಹುಸಿಯಲ್ಲ. ಕ್ಷೌರದಂಗಡಿಯಲ್ಲಿ ಅವನು ಮಾಡುತ್ತಿದ್ದದ್ದನ್ನೇ 1961ರಲ್ಲಿ ಶ್ವೇತಭವನದಲ್ಲಿ ಮಾಡಲಿಲ್ಲ, ಕೆಟ್ಟಿತು. 1962ರಲ್ಲಿ ಮಾಡಿದರು, ಉಳಿಯಿತು. ಆದ್ದರಿಂದ ಉಮೇದುವಾರನನ್ನು ಕೇಳಬೇಕಾದದ್ದು, "ಎಷ್ಟು ವರ್ಷ ಕುಳಿತಿದ್ದೆ?" ಎಂದಷ್ಟೇ ಅಲ್ಲ. "ನಿನಗೆ ಎದುರು ಹೇಳುವವರು ನಿನ್ನ ಬಳಿ ಇದ್ದಾರೆಯೆ? ಅವರ ಮಾತು ಕೇಳಿ ಎಂದಾದರೂ ನಿನ್ನ ಮನಸ್ಸನ್ನು ತಿದ್ದಿಕೊಂಡದ್ದುಂಟೆ?" ಇದಕ್ಕೆ ಉತ್ತರವನ್ನು ಗುಪ್ತ ಕಡತಗಳಲ್ಲಿ ಹುಡುಕಬೇಕಾಗಿಲ್ಲ, ಅವನ ಹಿಂದಿನ ನಡತೆಯಲ್ಲಿ ಯಾರೂ ಓದಬಹುದು.

ಕನ್ನಡಿಗರಿಗೆ ಈ ಮಾತು ಹೊಸದಾಗಬೇಕಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕೂಡಿ ವಿಚಾರ ಮಾಡಿದ ಗೋಷ್ಠಿಯನ್ನು ನಮ್ಮ ಪರಂಪರೆ ಕರೆದದ್ದು ಅನುಭವ ಮಂಟಪವೆಂದು. ಅಲ್ಲಿ ಆ ಶಬ್ದದ ಅರ್ಥ ಬೇರೆ, ಆಳ ಬೇರೆ. ಆದರೂ ಒಂದು ಸೂಚನೆಯನ್ನು ನಾವು ಪಡೆಯಬಹುದು. ಅನುಭವವೆಂಬುದು ಒಬ್ಬನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟುಕೊಳ್ಳುವ ಒಡವೆಯಲ್ಲ. ನಾಲ್ವರ ನಡುವೆ ಇಟ್ಟು ಒರೆಗೆ ಹಚ್ಚಬೇಕಾದ ಚಿನ್ನ.