ಬೋರಿನ ಬಂಡೆ ಬಿರಿಸುವ ಮುನ್ನ ನೆಲವನ್ನು ತಿಳಿಯಿರಿ

ಹೂಮಳೆ ತಡವಾದ ವರ್ಷಗಳಲ್ಲಿ ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರು ಕೇಳುವ ಪ್ರಶ್ನೆಯೊಂದಿದೆ: “ಬೋರಿನಲ್ಲಿ ನೀರು ಇಳಿದಿದೆ, ಹೈಡ್ರೋಫ್ರ್ಯಾಕ್ಚರಿಂಗ್ ಮಾಡಿಸಬಹುದೆ?” ಸಾಲ ಮಾಡಿ ಈ ಕೆಲಸಕ್ಕೆ ಕೈಹಾಕುವ ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಕ್ರಮವನ್ನು ನೋಡೋಣ. ಕೊಳವೆ ಬಾವಿಯೊಳಗೆ ಕೇಸಿಂಗ್ ಪೈಪಿನಿಂದ ಸಾಕಷ್ಟು ಕೆಳಗೆ, ಗಟ್ಟಿ ಬಂಡೆಯಲ್ಲಿ, ಪ್ಯಾಕರ್ ಎಂಬ ರಬ್ಬರಿನ ಬಿರಡೆಯನ್ನು ಬಿಗಿಯುತ್ತಾರೆ. ಅದರ ಕೆಳಭಾಗಕ್ಕೆ ಹೆಚ್ಚಿನ ಒತ್ತಡದಲ್ಲಿ ನೀರು ನುಗ್ಗಿಸುತ್ತಾರೆ. ಒತ್ತಡದ ಮುಳ್ಳು ಏರುತ್ತ ಹೋಗಿ ತಟ್ಟನೆ ಇಳಿದರೆ ಬಿರುಕು ತೆರೆಯಿತೆಂದು ಅರ್ಥ. ಮುಳ್ಳು ಏರದಿದ್ದರೆ ನೀರು ಎಲ್ಲಿಯೋ ಸೋರಿ ಹೋಗುತ್ತಿದೆ. ಏರಿದ್ದು ಇಳಿಯದಿದ್ದರೆ ಬಂಡೆ ಬಿರಿದಿಲ್ಲ. ಅಮೆರಿಕದ ಕ್ಯಾನ್ಸಾಸಿನಲ್ಲಿ 1947ರಲ್ಲಿ ಅನಿಲ ಬಾವಿಯೊಂದರಲ್ಲಿ ಪರೀಕ್ಷಿಸಿ, 1949ರಿಂದ ವ್ಯಾಪಾರಕ್ಕೆ ಬಂದ ವಿಧಾನದ ದಾಯಾದಿಯೇ ಇದು. ತೈಲ ಬಾವಿಗಳಲ್ಲಿ ನೀರಿನೊಡನೆ ಮರಳು, ರಾಸಾಯನಿಕಗಳನ್ನೂ ಸೇರಿಸುತ್ತಾರೆ. ಕುಡಿಯುವ ಮತ್ತು ತೋಟದ ನೀರಿನ ಬೋರುಗಳಿಗೆ ಶುದ್ಧ ನೀರೊಂದೇ ಸಾಕು.

ಈ ಕೆಲಸ ನೀರನ್ನು ಹುಟ್ಟಿಸುವುದಿಲ್ಲ. ಸಮೀಪದ ಬಿರುಕುಗಳಲ್ಲಿ ಆಗಲೇ ಇರುವ ನೀರಿಗೆ ಬೋರಿನವರೆಗೆ ದಾರಿ ಮಾಡಿಕೊಡುತ್ತದೆ, ಅಷ್ಟೆ. ಆದ್ದರಿಂದ ಅದೇ ಯಂತ್ರ, ಅದೇ ಕೆಲಸಗಾರರಿದ್ದರೂ ನೆಲ ಬದಲಾದರೆ ಫಲ ಬದಲಾಗುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು.

ಇಂಡಿ, ಸಿಂದಗಿಗಳಲ್ಲಿ ಎರೆಮಣ್ಣಿನ ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಪದರ ಪದರವಾಗಿ ಗಟ್ಟಿಯಾದ ಕಪ್ಪು ಬಸಾಲ್ಟ್ ಕಲ್ಲು. ಒಂದೊಂದು ಪದರದ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಗುಳಿಗಳಿದ್ದು, ಕಲ್ಲು ಸವೆದಲ್ಲಿ ನೀರು ನಿಲ್ಲುತ್ತದೆ. ನಡುಭಾಗ ಬಿರುಕಿಲ್ಲದ ಇಡುಗಲ್ಲು. ಕೆಲವೆಡೆ ಎರಡು ಪದರಗಳ ನಡುವೆ ಕೆಂಪು ಜೇಡಿಯ ಪಟ್ಟಿಯಿರುತ್ತದೆ. ಆ ಜೇಡಿಯಲ್ಲಿ ಪ್ಯಾಕರ್ ಕಚ್ಚಿ ನಿಲ್ಲದು, ಬೋರಿನ ಗೋಡೆಯೂ ಕುಸಿಯಬಹುದು. ಇಡುಗಲ್ಲಿನಲ್ಲಿ ಬಿರುಕು ತೆರೆದರೂ ಅದು ನೀರಿರುವ ಪದರವನ್ನು ಮುಟ್ಟದಿದ್ದರೆ ಪ್ರಯೋಜನವಿಲ್ಲ. ನಿಂಬೆಗೆ ಹೆಸರಾದ ಇಂಡಿಯಲ್ಲಿ ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಹಾಕಿ ಗಿಡ ಉಳಿಸಿಕೊಂಡ ರೈತರಿದ್ದಾರೆ. ಸುತ್ತಿನ ನೀರಿನ ಮಟ್ಟವೇ ಪಾತಾಳಕ್ಕಿಳಿದಾಗ ಬಂಡೆ ಬಿರಿಸಿ ಫಲವೇನು?

ಬಸವನ ಬಾಗೇವಾಡಿಯ ಕಡೆ ಮತ್ತೊಂದು ಎಚ್ಚರ ಬೇಕು. ಆ ಭಾಗದಲ್ಲಿ ಹರಿಯುವ ಡೋಣಿ ನದಿಯ ನೀರು ಸವುಳು. ಇಂಥ ಕಣಿವೆಗಳಲ್ಲಿ ಹೊಸ ಬಿರುಕು ಉಪ್ಪುನೀರಿನ ಪದರಕ್ಕೆ ಕೂಡಿಕೊಂಡರೆ ಸಿಹಿನೀರಿನ ಬೋರು ಕೆಟ್ಟಂತೆಯೇ.

ಮುದ್ದೇಬಿಹಾಳದಲ್ಲಿ ಗ್ರಾನೈಟ್ ಮತ್ತು ನೈಸ್ ಕಲ್ಲುಗಳಿವೆ. ತಾಳಿಕೋಟೆಯ ಕಡೆ ಸುಣ್ಣಕಲ್ಲು ಸಿಗುತ್ತದೆ. ಸುಣ್ಣಕಲ್ಲಿನಲ್ಲಿ ನೀರು ಕೊರೆದ ಪೊಟರೆಗಳಿದ್ದರೆ ನುಗ್ಗಿಸಿದ ನೀರು ಅಲ್ಲಿಗೇ ಹರಿದು ಒತ್ತಡ ಏರುವುದಿಲ್ಲ. ಗ್ರಾನೈಟಿನಲ್ಲಿ ಹಳೆಯ ಸೀಳುಗಳಿದ್ದು ಅವುಗಳಲ್ಲಿ ಮಣ್ಣು ತುಂಬಿದ್ದರೆ, ಈ ವಿಧಾನ ಅವನ್ನು ತೊಳೆದು ಅಗಲಿಸಿ ಒಳ್ಳೆಯ ಫಲ ಕೊಡುತ್ತದೆ.

ನಮ್ಮ ಮಲೆನಾಡಿನ ಬಹುಭಾಗದಲ್ಲಿ ಕೆಳಗಿರುವುದು ಇದೇ ನೈಸ್ ಜಾತಿಯ ಕಲ್ಲು. ಮೇಲೆ ಜಂಬಿಟ್ಟಿಗೆ ಮತ್ತು ಸವೆದ ಮಣ್ಣಿನ ದಪ್ಪ ಪದರ. ಹಾಗಾಗಿ ಮುದ್ದೇಬಿಹಾಳದ ಗ್ರಾನೈಟಿನ ಪಾಠ ನಮಗೆ ಹೆಚ್ಚು ಹತ್ತಿರ. ಕೊರೆಯುವಾಗ ನೀರು ಸಿಕ್ಕಿ, ಕ್ರಮೇಣ ಇಳಿದ ಬೋರಿಗೆ ಆಸೆಯಿದೆ. ಮೇಲಿನಿಂದ ತಳದವರೆಗೆ ಬರಿಯ ಒಣ ಪುಡಿಯೇ ಬಂದ ಬೋರಿಗೆ ಹಣ ಸುರಿಯದಿರುವುದು ಲೇಸು. ಮೇಲಿನ ಸಡಿಲ ಪದರದ ಹತ್ತಿರ ಪ್ಯಾಕರ್ ಬಿಗಿಯಲು ಒಪ್ಪಲೇಬಾರದು.

ಮಾಡಿಸುವುದೇ ಆದರೆ ಇಷ್ಟನ್ನು ಗಮನಿಸಿ:

1. ಎಷ್ಟು ಅಡಿಗೆ ಕೇಸಿಂಗ್, ಯಾವ ಆಳದಲ್ಲಿ ಯಾವ ಕಲ್ಲು, ಎಲ್ಲಿ ನೀರು ಎಂಬ ಕೊರೆತದ ವಿವರವನ್ನು ಮೊದಲೇ ಬರೆದಿಟ್ಟುಕೊಳ್ಳಿ.

2. ಯಂತ್ರದ ಲಾರಿ ಮತ್ತು ನೀರಿನ ಟ್ಯಾಂಕರ್ ಬೋರಿನ ಬಳಿಗೆ ಹತ್ತಿ ಬರುವ ದಾರಿಯಿದೆಯೆ ನೋಡಿ. ಹಳ್ಳದ ಕಲಕು ನೀರನ್ನು ಬೋರಿಗೆ ನುಗ್ಗಿಸಲು ಬಿಡಬೇಡಿ.

3. ಕೆಲಸಕ್ಕೆ ಮೊದಲೂ ಅನಂತರವೂ 200 ಲೀಟರಿನ ಡ್ರಮ್ಮು ತುಂಬಲು ಹಿಡಿಯುವ ಕಾಲವನ್ನು ಅಳೆಯಿರಿ. ಮೊದಲು ಬರುವುದು ನಾವೇ ನುಗ್ಗಿಸಿದ ನೀರು. ಕೆಲವು ದಿನ ಪಂಪು ಓಡಿಸಿದ ಮೇಲಿನ ಲೆಕ್ಕವೇ ನಿಜವಾದ ಲೆಕ್ಕ.

4. ನೆರೆಯವರ ಬೋರು, ತೆರೆದ ಬಾವಿ ಹತ್ತಿರವಿದ್ದರೆ ಅವರಿಗೆ ಮುಂಚೆ ತಿಳಿಸಿ. ಬಿರುಕಿಗೆ ಬೇಲಿಯಿಲ್ಲ, ನಮಗೆ ಹೆಚ್ಚಿದ ನೀರು ಅವರಿಗೆ ಕಡಿಮೆಯಾದದ್ದೂ ಆಗಿರಬಹುದು.

ತೆರೆದ ಬಿರುಕಿಗೆ ಮಳೆಗಾಲದಲ್ಲಿ ನೀರು ಇಳಿಯದಿದ್ದರೆ ಒಂದೆರಡು ಬೇಸಿಗೆಯಲ್ಲಿ ಬೋರು ಮತ್ತೆ ಬತ್ತುತ್ತದೆ. ತೋಟದ ಇಳಿಜಾರಿನಲ್ಲಿ ತೊಟ್ಟಿಲುಗುಂಡಿ ತೆಗೆದು, ಹಳೆಯ ಕೆರೆಯ ಹೂಳೆತ್ತಿದ ಮೇಲೆಯೇ ಈ ವೆಚ್ಚಕ್ಕೆ ಅರ್ಥ ಬರುತ್ತದೆ. ಸದಸ್ಯರು ತಮ್ಮ ಬೋರಿನ ವಿವರಗಳೊಂದಿಗೆ ಸಂಘದ ಕಚೇರಿಗೆ ಬಂದರೆ, ಮುಂಗಡ ಕೊಡುವ ಮೊದಲೇ ಕೂಡಿ ಕುಳಿತು ಪರಿಶೀಲಿಸೋಣ.