ಕೆಲಸ ಬಿಟ್ಟಿತು, ಕ್ಲಾಸ್ ಕರೆಯಿತು

ಬಿಇ ಮುಗಿಸು, ಅಮೆರಿಕಕ್ಕೆ ಹೋಗಿ ಎಂಎಸ್ ಮಾಡು, ಎಚ್‌–1ಬಿ ಸಿಕ್ಕರೆ ಲೈಫ್ ಸೆಟ್ಲ್! ಎಂಜಿನಿಯರಿಂಗ್ ಹಾಸ್ಟೆಲ್‌ಗಳ ರಾತ್ರಿ ಚರ್ಚೆ ಎಲ್ಲೇ ಶುರುವಾದರೂ ಬಂದು ನಿಲ್ಲುವುದು ಇಲ್ಲಿಗೇ. ಮೊದಲು ಎಫ್‌–1 ಎಂಬ ವಿದ್ಯಾರ್ಥಿ ವೀಸಾ, ಆಮೇಲೆ ಎಚ್‌–1ಬಿ ಎಂಬ ಉದ್ಯೋಗ ವೀಸಾ. ಹತ್ತುವ ಈ ಮೆಟ್ಟಿಲನ್ನೇ ಇಳಿದವರೂ ಇದ್ದಾರೆ ಅನ್ನುವುದು ಮಾತ್ರ ಚರ್ಚೆಗೆ ಬರುವುದಿಲ್ಲ. ನನ್ನ ದೊಡ್ಡಪ್ಪನ ಮಗ ಹಾಗೆ ಇಳಿದವನು.

2022ರ ಕೊನೆ ಮತ್ತು 2023ರ ಆರಂಭ ನೆನಪಿರಬಹುದು. ಮೆಟಾ 11 ಸಾವಿರ, ಗೂಗಲ್ 12 ಸಾವಿರ, ಮೈಕ್ರೊಸಾಫ್ಟ್ 10 ಸಾವಿರ ಜನರನ್ನು ತೆಗೆಯುವುದಾಗಿ ಘೋಷಿಸಿದ್ದವು. ಅದೇ ಗಾಳಿಗೆ ಇನ್ನೊಂದು ಕಂಪನಿಯಲ್ಲಿದ್ದ ಅಣ್ಣನ ಕೆಲಸವೂ ಹೋಯಿತು. ಎಚ್‌–1ಬಿಯಲ್ಲಿರುವವರಿಗೆ ಕೆಲಸ ಹೋದರೆ ಸಿಗುವುದು ಗರಿಷ್ಠ 60 ದಿನ. ಅಷ್ಟರೊಳಗೆ ಹೊಸ ಕಂಪನಿ ಅವರ ಪರವಾಗಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವರ್ಗಕ್ಕೆ ಬದಲಾಗಲು ತಾವೇ ಅರ್ಜಿ ಹಾಕಬೇಕು. ಎರಡೂ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ಒಂದೂವರೆ ತಿಂಗಳು ಇಂಟರ್‌ವ್ಯೂ ಕೊಟ್ಟು ಸೋತ ಅಣ್ಣ, ಮೂವತ್ತಮೂರನೇ ವಯಸ್ಸಿನಲ್ಲಿ ಎಂಎಸ್‌ಗೆ ಸೇರಲು ನಿರ್ಧರಿಸಿದ.

ವಿಧಾನ ಕೇಳಲು ಸುಲಭ. ಮಾನ್ಯತೆ ಇರುವ ವಿಶ್ವವಿದ್ಯಾಲಯದಲ್ಲಿ ಸೀಟು ಪಡೆಯಬೇಕು. ಮೊದಲ ವರ್ಷದ ಖರ್ಚಿಗೆ ಹಣ ಇದೆ ಎಂದು ತೋರಿಸಿದರೆ ಅವರು ಐ–20 ಪತ್ರ ಕೊಡುತ್ತಾರೆ. 350 ಡಾಲರ್ ಸೆವಿಸ್ ಶುಲ್ಕ ಕಟ್ಟಿ, ಐ–539 ಅರ್ಜಿಯನ್ನು ವಲಸೆ ಇಲಾಖೆಗೆ ಸಲ್ಲಿಸಬೇಕು. ದೇಶ ಬಿಟ್ಟು ಹೋಗಬೇಕಾಗಿಲ್ಲ.

ತೊಡಕಿರುವುದೇ ಅಲ್ಲಿ. ಈ ಅರ್ಜಿಯಿಂದ ಬದಲಾಗುವುದು ಅಲ್ಲಿರಲು ಕೊಟ್ಟಿರುವ ಅನುಮತಿ ಮಾತ್ರ, ಪಾಸ್‌ಪೋರ್ಟಿನಲ್ಲಿರುವ ವೀಸಾ ಅಲ್ಲ. ತೀರ್ಮಾನ ಬರುವ ಮೊದಲೇ ದೇಶ ಬಿಟ್ಟರೆ ಅರ್ಜಿ ಕೈಬಿಟ್ಟಂತೆ. ಒಪ್ಪಿಗೆ ಸಿಕ್ಕ ಮೇಲೆ ಊರಿಗೆ ಬಂದರೂ, ವಾಪಸ್ ಹೋಗಲು ಅಮೆರಿಕದ ಕಾನ್ಸುಲೇಟ್‌ನಲ್ಲಿ ಹೊಸದಾಗಿ ಎಫ್‌–1 ವೀಸಾ ಪಡೆಯಬೇಕು. ಕೊಡಲೇಬೇಕೆಂದೇನೂ ಇಲ್ಲ. ಅಣ್ಣನ ಅರ್ಜಿ ಬಾಕಿ ಇದ್ದಾಗಲೇ ನಮ್ಮಜ್ಜಿ ತೀರಿಕೊಂಡರು. ಎತ್ತಿ ಆಡಿಸಿದ ಅಜ್ಜಿಯ ಅಂತ್ಯಕ್ರಿಯೆಯನ್ನು ಅವನು ನೋಡಿದ್ದು ವಿಡಿಯೊ ಕಾಲ್‌ನಲ್ಲಿ.

ಅತ್ತಿಗೆಯ ಎಚ್‌–4 ಕೂಡ ಎಫ್‌–2 ಆಯಿತು. ಅದರಲ್ಲಿ ಕೆಲಸ ಮಾಡುವಂತಿಲ್ಲ. ಅಣ್ಣನಿಗೂ ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ದುಡಿಯಲು ಮಾತ್ರ ಅವಕಾಶ. ಉಳಿತಾಯ ಕರಗಿತು. “ಇಪ್ಪತ್ತೆರಡರ ಹುಡುಗರ ಜೊತೆ ಅಸೈನ್‌ಮೆಂಟ್ ಬರೆಯೋಕೆ ನಾಚಿಕೆ ಏನಿಲ್ಲ ಕಣೋ, ಫೀಸು ಕಟ್ಟುವಾಗ ಮಾತ್ರ ಹೊಟ್ಟೆ ಉರಿಯುತ್ತೆ” ಎನ್ನುತ್ತಿದ್ದ.

ಅವನಿಗೊಂದು ಅನುಕೂಲವಿತ್ತು. ಇಲ್ಲಿ ಬಿಇ ಮುಗಿಸಿ ಕಂಪನಿಯ ಮೂಲಕವೇ ಹೋದವನಾದ್ದರಿಂದ ಇದು ಅವನ ಮೊದಲ ಎಂಎಸ್. ಓದಿನ ನಂತರ ಒಪಿಟಿ ಅಡಿ 12 ತಿಂಗಳು, ವಿಜ್ಞಾನ–ತಂತ್ರಜ್ಞಾನದ ಕೋರ್ಸ್ ಆದ್ದರಿಂದ ಇನ್ನೂ 24 ತಿಂಗಳು ಕೆಲಸ ಮಾಡಬಹುದು. ಆದರೆ ಒಪಿಟಿ ಒಂದು ಹಂತದ ಪದವಿಗೆ ಒಮ್ಮೆ ಮಾತ್ರ. ಒಂದು ಎಂಎಸ್ ನಂತರ ಅದನ್ನು ಬಳಸಿಕೊಂಡವರಿಗೆ ಎರಡನೇ ಎಂಎಸ್‌ನಿಂದ ಮತ್ತೆ ಸಿಗದು, ಪಿಎಚ್.ಡಿಯೇ ಆಗಬೇಕು. ನಮ್ಮಲ್ಲಿ ಬಹುಪಾಲು ಜನ ಹಿಡಿಯಲು ಹೊರಟಿರುವುದು ಎಂಎಸ್ ದಾರಿಯನ್ನೇ. ಹಾಗಾಗಿ ನಮಗೆ ಇದು ಮುಖ್ಯ.

ಈ ಇಕ್ಕಟ್ಟಿನಲ್ಲಿರುವವರನ್ನೇ ಕಾದು ಕೂತ ಕಾಲೇಜುಗಳೂ ಇವೆ. ಸೇರಿದ ದಿನದಿಂದಲೇ ಕೆಲಸ ಮಾಡಬಹುದು, ಕ್ಲಾಸಿಗೆ ಆಗಾಗ ಬಂದರೆ ಸಾಕು ಎನ್ನುತ್ತವೆ. 2019ರಲ್ಲಿ ಮಿಷಿಗನ್‌ನ ‘ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್’ ಪ್ರಕರಣದಲ್ಲಿ ನೂರಕ್ಕೂ ಹೆಚ್ಚು ಭಾರತೀಯರು ಬಂಧನಕ್ಕೊಳಗಾದರು. ಆ ವಿಶ್ವವಿದ್ಯಾಲಯವನ್ನು ನಡೆಸುತ್ತಿದ್ದುದೇ ಅಲ್ಲಿನ ವಲಸೆ ಅಧಿಕಾರಿಗಳು! ಅಲ್ಲಿ ಪಾಠವೂ ಇರಲಿಲ್ಲ, ಪ್ರಾಧ್ಯಾಪಕರೂ ಇರಲಿಲ್ಲ.

ಅಣ್ಣ ಈಗ ಎಂಎಸ್ ಮುಗಿಸಿ ಒಪಿಟಿಯಲ್ಲಿ ಕೆಲಸಕ್ಕಿದ್ದಾನೆ. ಎಚ್‌–1ಬಿಯ ಆರು ವರ್ಷಗಳಲ್ಲಿ ಬಳಸದೆ ಉಳಿದ ಎರಡು ವರ್ಷಗಳನ್ನು ಸಾಮಾನ್ಯವಾಗಿ ಲಾಟರಿ ಇಲ್ಲದೆಯೇ ಮತ್ತೆ ಪಡೆಯಬಹುದು. ಕಂಪನಿ ಮನಸ್ಸು ಮಾಡಬೇಕಷ್ಟೆ.

ವಿದ್ಯಾರ್ಥಿ ವೀಸಾ ಕೆಲಸ ಕಳೆದುಕೊಂಡವರು ತಂಗುವ ಛತ್ರವಲ್ಲ. ನಿಜವಾಗಿ ಓದುವ ಆಸೆ, ಎರಡು ವರ್ಷ ಸಂಬಳವಿಲ್ಲದೆ ಬದುಕುವಷ್ಟು ಹಣ ಇದ್ದವರಿಗೆ ಅದು ಒಳ್ಳೆಯ ದಾರಿ. ಎರಡೂ ಇಲ್ಲದವರು ಊರಿನ ಟಿಕೆಟ್ ತೆಗೆದರೆ ಅದನ್ನು ಸೋಲು ಅನ್ನಬೇಕಿಲ್ಲ. ಗೆಳೆಯರೇ, ವಿದೇಶಕ್ಕೆ ಹೊರಡುವ ಮುನ್ನ ಶಿಕ್ಷಣ ಸಾಲದ ಬಡ್ಡಿಯ ಜೊತೆಗೆ ಈ 60 ದಿನಗಳ ಲೆಕ್ಕವನ್ನೂ ಮನೆಯವರೊಂದಿಗೆ ಕೂತು ಹಾಕಿಬಿಡಿ.