ಕೊಯ್ಲಿನ ಹಣವನ್ನು ಹನ್ನೆರಡು ತಿಂಗಳಿಗೆ ಹಂಚುವ ಬಗೆ



ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತನ್ನು ತಾವೆಲ್ಲರೂ ಬಲ್ಲಿರಿ. ಸಂಬಳದಾರರಿಗೆ ಹಾಸಿಗೆಯ ಅಳತೆ ಪ್ರತಿ ತಿಂಗಳೂ ಗೊತ್ತಿರುತ್ತದೆ. ಕೃಷಿಕರಿಗೆ ಅದು ತಿಳಿಯುವುದು ಕೊಯ್ಲು ಮುಗಿದು, ಫಸಲು ತೂಕವಾಗಿ, ಹಣ ಕೈಸೇರಿದ ಮೇಲೆಯೇ. ಆದ್ದರಿಂದ ಮಳೆಯಾಶ್ರಿತ ಕುಟುಂಬಗಳು ಲೆಕ್ಕ ಹಾಕುವ ಕ್ರಮ ಬೇರೆಯಾಗಿರಬೇಕಾಗುತ್ತದೆ.

ಮೊದಲನೆಯದಾಗಿ, ಮಾರಾಟದ ಹಣವೆಲ್ಲವೂ ಆದಾಯವಲ್ಲ. ನಾಲ್ಕು ಎಕರೆ ಮೆಕ್ಕೆಜೋಳದ ಒಂದು ಮಾದರಿ ಲೆಕ್ಕವನ್ನು ಗಮನಿಸಿರಿ. (ಅಂಕಿಗಳು ಉದಾಹರಣೆಗಾಗಿ ಮಾತ್ರ; ತಮ್ಮ ಹೊಲದ ಅಂಕಿಗಳನ್ನು ಹಾಕಿಕೊಳ್ಳುವುದು.) ಎಕರೆಗೆ 20 ಕ್ವಿಂಟಾಲ್ ಇಳುವರಿ, ಕ್ವಿಂಟಾಲಿಗೆ ರೂ. 2,000 ದರವೆಂದರೆ ಒಟ್ಟು ರೂ. 1,60,000. ಎಕರೆಗೆ ರೂ. 18,000 ರಂತೆ ಬೇಸಾಯದ ಖರ್ಚು ರೂ. 72,000 ಕಳೆದರೆ ಉಳಿಯುವುದು ರೂ. 88,000; ಅಂದರೆ ತಿಂಗಳಿಗೆ ಸುಮಾರು ರೂ. 7,333. ಮಳೆ ಕೈಕೊಟ್ಟು ಇಳುವರಿ 14 ಕ್ವಿಂಟಾಲಿಗೆ ಇಳಿದರೆ ಖರ್ಚು ಬಹುತೇಕ ಅಷ್ಟೇ ಇರುತ್ತದೆ, ಉಳಿಕೆ ಮಾತ್ರ ರೂ. 40,000 ಕ್ಕೆ ಕುಸಿಯುತ್ತದೆ. ತಿಂಗಳಿಗೆ ರೂ. 3,333! ಇಳುವರಿ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ತಗ್ಗಿದರೂ ಉಳಿಕೆ ಅರ್ಧಕ್ಕಿಂತ ಹೆಚ್ಚು ತಗ್ಗಿತೆಂಬುದನ್ನು ಗಮನಿಸಬೇಕು.

ಮನೆಯ ಖರ್ಚಿನ ಮಟ್ಟವನ್ನು ಒಳ್ಳೆಯ ವರ್ಷಕ್ಕೆ ಹೊಂದಿಸಿಕೊಂಡವರು ಕೆಟ್ಟ ವರ್ಷದಲ್ಲಿ ಕೈಸಾಲಕ್ಕೆ ಹೋಗುತ್ತಾರೆ. ಮಟ್ಟವು ಕೆಟ್ಟ ವರ್ಷಕ್ಕೆ ಹತ್ತಿರವಿರಲಿ. ಒಳ್ಳೆಯ ವರ್ಷದ ಹೆಚ್ಚುವರಿಯು ಹಳೆಯ ಸಾಲಕ್ಕೂ ಮುಂದಿನ ಬಿತ್ತನೆಗೂ ಸಲ್ಲಲಿ. ಮೂರು ಸಾವಿರದಲ್ಲಿ ಸಂಸಾರ ನಡೆಯುವುದೇ ಎಂದು ತಾವು ಕೇಳಬಹುದು. ನಡೆಯುವುದಿಲ್ಲ. ಮಿತವ್ಯಯವೊಂದರಿಂದಲೇ ಈ ಕೊರತೆ ತುಂಬದು. ಆದರೆ ಕೊರತೆ ಎಷ್ಟೆಂದು ಬಿತ್ತನೆಗೆ ಮುನ್ನವೇ ತಿಳಿದಿದ್ದರೆ ಹೈನುಗಾರಿಕೆಯನ್ನೋ, ಮನೆಬಳಕೆಗೆ ತೊಗರಿಯ ಅಂತರ ಬೆಳೆಯನ್ನೋ ಯೋಜಿಸಲು ಕಾಲಾವಕಾಶವಿರುತ್ತದೆ. ಹಾಲಿನ ಹಣವು ಆಗಾಗ ಬರುವುದರಿಂದ ದಿನಸಿಗೆ ಅದನ್ನೇ ಮೀಸಲಿಡುವುದು ಸೂಕ್ತ.

ನಮ್ಮ ಹಿರಿಯರು ಹಗೇವಿನಲ್ಲಿ ಧಾನ್ಯ ತುಂಬುವ ಮೊದಲು ಬಿತ್ತನೆ ಬೀಜವನ್ನು ಬೇರೆ ತೆಗೆದಿಡುತ್ತಿದ್ದರು. ಎಷ್ಟೇ ಹಸಿವಾದರೂ ಅದನ್ನು ಮುಟ್ಟುತ್ತಿರಲಿಲ್ಲ. ಧಾನ್ಯಕ್ಕಿದ್ದ ಆ ಶಿಸ್ತು ಹಣಕ್ಕೆ ಬರಲಿಲ್ಲವೆಂಬುದು ನನ್ನ ಅನಿಸಿಕೆ. ಬೀಜ, ಗೊಬ್ಬರ, ಉಳುಮೆಯ ಹಣವನ್ನು ಬೇರೊಂದು ಉಳಿತಾಯ ಖಾತೆಯಲ್ಲಿಡುವುದು ಇಂದಿನ ಬೀಜದ ಗಡಿಗೆ.

ಸಾಲದ ವಿಷಯದಲ್ಲಿ ದರವನ್ನು ವರ್ಷದ ಲೆಕ್ಕದಲ್ಲಿ ನೋಡಬೇಕು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ಅಲ್ಪವೆನಿಸುತ್ತದೆ; ಅದು ವಾರ್ಷಿಕ ಶೇ. 36. ರೂ. 50,000 ಕೈಸಾಲಕ್ಕೆ ವರ್ಷಕ್ಕೆ ರೂ. 18,000 ಬಡ್ಡಿ, ಅಂದರೆ ಮೇಲಿನ ಲೆಕ್ಕದಲ್ಲಿ ಒಂದು ಎಕರೆಯ ಸಂಪೂರ್ಣ ಬೇಸಾಯದ ಖರ್ಚು. ಕಿಸಾನ್ ಕ್ರೆಡಿಟ್ ಕಾರ್ಡ್ ಮೂಲಕ 3 ಲಕ್ಷ ರೂ.ವರೆಗಿನ ಅಲ್ಪಾವಧಿ ಬೆಳೆ ಸಾಲಕ್ಕೆ ಶೇ. 7 ರ ಬಡ್ಡಿಯಿದ್ದು, ಸಕಾಲದಲ್ಲಿ ತೀರಿಸಿದವರಿಗೆ ಅದು ಶೇ. 4 ಕ್ಕೆ ಇಳಿಯುತ್ತದೆ. ರಾಜ್ಯದ ಸಹಕಾರ ಸಂಘಗಳಲ್ಲಿ ಶೂನ್ಯ ಬಡ್ಡಿಯ ಸೌಲಭ್ಯವೂ ಸಕಾಲಿಕ ಮರುಪಾವತಿಗೆ ಒಳಪಟ್ಟಿದೆ. ಆದ್ದರಿಂದ ಗಡುವಿನ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿರಿ.

ಕಾರ್ಡಿನ ಮಿತಿಯನ್ನು ನಿಗದಿಪಡಿಸುವಾಗ ಬೆಳೆಯ ಸಾಲದ ಪ್ರಮಾಣಕ್ಕೆ ಶೇ. 10 ರಷ್ಟನ್ನು ಮಾತ್ರ ಕೊಯ್ಲೋತ್ತರ ಹಾಗೂ ಮನೆಬಳಕೆಯ ಅಗತ್ಯಗಳಿಗೆಂದು ಸೇರಿಸಲಾಗುತ್ತದೆ. ಮಿತಿ ಇದೆಯೆಂದು ಮದುವೆಗೆ ಪೂರ್ತಿ ಹಣ ತೆಗೆದವರು ಜೂನ್ ತಿಂಗಳಲ್ಲಿ ಗೊಬ್ಬರವನ್ನು ಅಂಗಡಿಯಲ್ಲಿ ಸಾಲಕ್ಕೆ ತರುವುದನ್ನು ಕ್ಷೇತ್ರ ಭೇಟಿಗಳಲ್ಲಿ ಹಲವು ಬಾರಿ ಕಂಡಿದ್ದೇನೆ. ಕೆಲವು ಎಕರೆಗಾಗಿ ಸ್ವಂತ ಟ್ರ್ಯಾಕ್ಟರ್ ಕೊಳ್ಳುವುದೂ ಇಂಥದ್ದೇ. ಕೃಷಿ ಯಂತ್ರಧಾರೆ ಕೇಂದ್ರದ ಬಾಡಿಗೆಯನ್ನು ಮಾಸಿಕ ಕಂತಿನೊಡನೆ ಹೋಲಿಸಿ ನೋಡಿರಿ.

ವಿಸ್ತರಣಾ ಕಾರ್ಯಕರ್ತರು ಮುಂಗಾರು ಪೂರ್ವ ಸಭೆಗಳಲ್ಲಿ ತಳಿ, ಗೊಬ್ಬರಗಳ ಜೊತೆಗೆ ಈ ಲೆಕ್ಕವನ್ನೂ ಮಾಡಿಸಬೇಕು. ಸಭೆಗೆ ಮನೆಯ ಮಹಿಳೆಯರನ್ನು ತಪ್ಪದೆ ಕರೆಯಿರಿ. ದಿನಸಿ, ಶಾಲೆ, ಔಷಧಿಯ ನಿಜವಾದ ಅಂಕಿಗಳು ಬಹುಪಾಲು ಅವರಲ್ಲಿಯೇ ಇರುತ್ತವೆ.